ಕಾಕಾ ಇಡುತ್ತಿದ್ದ ಹೊರಗಿನ ಮ್ಯಾಚು

ಹೋದ ಭಾನುವಾರ ಮೆಲ್ಬರ್ನಿನಿಂದ ಫೋನ್ ಬಂತು. ಕಾಕಾ ತಮ್ಮ ಸೀಟಿಯನ್ನು ಕೊರಳಿಂದ ತೆಗೆದು ಇನ್ಯಾರದೋ ಕೊರಳಿಗೆ ಹಾಕಿಬಿಟ್ಟರಂತೆ. "ಸಾಕ್ರಿ ಡಾಕ್ಟರ್‌ಬಾಯಿ, ಮ್ಯಾಚ್ ಇಡೂದು ಸಾಕು. ಇನ್ನ ಕುರ್ಚಿ ಹಾಕ್ಕೊಂಡು ಕುಂತು ನೋಡೂದು, ಚಾ ಕುಡಿಯೂದು" ಅಂದರು. ನಾನು ಡಾಕ್ಟರಲ್ಲ, ಫಿಸಿಯೋ. ಪರಿಚಯವಾದ ದಿನದಿಂದ ಹೇಳ್ತಾನೇ ಬಂದಿದ್ದೀನಿ. "ಉಳುಕಿದ ಕಾಲು ನೆಟ್ಟಗ ಮಾಡ್ತೀರಿ, ಮತ್ತ ಡಾಕ್ಟರ್ ಅಲ್ದ ಏನು?" ಅನ್ನೋದು ಅವರ ವಾದ. ಕಾಕಾನ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನು ನೋಡಿರೋದು ಒಬ್ಬರನ್ನೇ. ಅವರ ವಿಷಯಕ್ಕೂ ಬರ್ತೀನಿ, ತಡೀರಿ.

ನಿಮ್ಮ ಬಗ್ಗೆ ಬರೀತೀನಿ ಕಾಕಾ ಅಂದೆ. "ಬರೀರಿ, ಆದ್ರ ಹೆಸರು ಹಾಕಬ್ಯಾಡ್ರಿ. ಬೆಳಗಾವ್ಯಾಗ ನಮ್ಮ ಮಂದಿ ಓದಿ ನಗ್ತಾರ" ಅಂದರು. ಸರಿ, ಹೆಸರು ಬೇಡ. ಹೇಗೂ ಸಿಡ್ನಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ.

ನಾವು ನೋಡಿದಾಗ ಐವತ್ತರ ಹತ್ತಿರ ಹತ್ತಿರ ವಯಸ್ಸು. ಒಂಟಿ ಜೀವ. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಆಂಟಿಯರು ಮೂಗು ತೂರಿಸಿದರೆ "ಡೇಟ್ ಹೊಂದಲಿಲ್ರಿ" ಅಂತಿದ್ದರು. ವೆಸ್ಟ್‌ಮೀಡ್ ಸ್ಟೇಷನ್ ಪಕ್ಕ ಬಾಡಿಗೆ ಫ್ಲ್ಯಾಟು, ಒಂದು ಆಸ್ಪತ್ರೆಯಲ್ಲಿ ನರ್ಸುಗಳ ರೋಸ್ಟರ್ ಹಾಕೋ ಕೆಲಸ. ಯಾರಿಗೆ ನೈಟ್ ಶಿಫ್ಟು, ಯಾರಿಗೆ ರಜ, ಯಾರನ್ನು ಯಾರ ಜೊತೆ ಹಾಕಿದರೆ ಜಗಳ, ಇದೇ ವಾರವೆಲ್ಲ. ಅಷ್ಟು ಸಾಲದು ಅಂತ ನಮ್ಮ ಫುಟ್‌ಬಾಲ್ ಟೀಮಿನ ಸೆಕ್ರೆಟರಿಗಿರಿ ಬೇರೆ. ಹ್ಯಾರಿಸ್ ಪಾರ್ಕ್ ಸುತ್ತಮುತ್ತಲಿನ ಕನ್ನಡದ ಹುಡುಗರೆಲ್ಲ ಸೇರಿ ಕಟ್ಟಿದ್ದ ಟೀಮು, ಭಾನುವಾರದ ಸಣ್ಣ ಲೀಗಿನಲ್ಲಿ ಆಡ್ತಿದ್ದರು. ಹುಡುಗರು ಅಂದರೆ ಹೊಟ್ಟೆ ಬಂದವರು, ಮಾರ್ಟ್‌ಗೇಜ್ ಕಟ್ಟೋರು. ನಮ್ಮ ಯಜಮಾನರು ರವಿ ಗೋಲ್‌ಕೀಪರ್. ಮನೆಯಲ್ಲಿ ಎಸೆದ ಟವೆಲ್ಲನ್ನೂ ಹಿಡಿಯದ ಮನುಷ್ಯ. ಉಳುಕಿದವರಿಗೆ ಐಸ್ ಇಡೋದಕ್ಕೆ ನಾನಿದ್ದೆ.

ಕಾಕಾ ಚೆಂಡು ಒದ್ದಿದ್ದನ್ನು ಯಾರೂ ಕಂಡಿರಲಿಲ್ಲ. ಕಾಲೇಜಿನಲ್ಲಿ ಆಡ್ತಿದ್ದೆ ಅಂತ ಹೇಳಿಕೊಳ್ಳೋರು. ಯಾವ ಪೊಸಿಷನ್ ಅಂತ ಕೇಳಿದರೆ "ರಿಸರ್ವ್" ಅನ್ನೋರು, ಅದನ್ನೂ ಜಂಬದಿಂದಲೇ. ಆದರೆ ಮ್ಯಾಚ್ ಗೊತ್ತುಮಾಡೋದರಲ್ಲಿ ಗಟ್ಟಿಗರು. ಅವರದು ಒಂದೇ ಕಾನೂನು: "ಕೊಟ್ಟ ಮ್ಯಾಚು ಕೊಟ್ಟಂಗ." ಎದುರು ಟೀಮಿಗೆ ದಿನ ಕೊಟ್ಟ ಮೇಲೆ ಭೂಮಿ ಬಿರಿದರೂ ಕ್ಯಾನ್ಸಲ್ ಇಲ್ಲ. ಒಂದು ಸಲ ನಮ್ಮ ಕ್ಯಾಪ್ಟನ್ ಪ್ರಕಾಶನ ಮಾವ ಬೆಂಗಳೂರಿಂದ ಬಂದಿಳಿಯೋ ದಿನವೇ ಮ್ಯಾಚು. ಅವನು ತಲೆ ಕೆರೆದುಕೊಂಡು ಬಂದು ನಿಂತ. "ನೀ ಆಡು ಮಾರಾಯ, ನಿಮ್ಮ ಮಾವನ್ನ ನಾ ಕರಕೊಂಡ್ ಬರ್ತೀನಿ" ಅಂತ ಕಾಕಾ ಏರ್‌ಪೋರ್ಟಿಗೆ ಹೋದರು. ಕರೆದುಕೊಂಡು ಬಂದಿದ್ದು ಎಲ್ಲಿಗೆ? ನೆಟ್ಟಗೆ ಗ್ರೌಂಡಿಗೆ! ಆ ಹಿರಿಯರು ಸೂಟ್‌ಕೇಸಿನ ಮೇಲೆ ಕೂತು, ಅಳಿಯ ಗೋಲ್ ಮಿಸ್ ಮಾಡಿದಾಗಲೆಲ್ಲ ಹಣೆ ಚಚ್ಚಿಕೊಂಡರು.

ಇನ್ನೊಂದು ಅಭ್ಯಾಸ ಹೇಳಿಬಿಡ್ತೀನಿ. ಮುಖ್ಯವಾದ ಮಾತು ಬಾಯಿಗೆ ಬಂದಾಗ ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸ್ತಾರೆ. ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಸಲ ಮಾತು ವಾಪಸ್ ಒಳಗೆ ಹೋಗಿರುತ್ತೆ.

ಈಗ ಹೊರಗಿನ ಮ್ಯಾಚಿನ ಕಥೆ. ಲೀಗಿನ ಮ್ಯಾಚುಗಳೆಲ್ಲ ಪಾಯಿಂಟಿಗಾಗಿ. ಆಗಸ್ಟಿನಲ್ಲಿ ಸೀಸನ್ ಮುಗಿಯುತ್ತೆ, ಕೊನೆಯ ಮ್ಯಾಚು ಯಾವಾಗಲೂ ನಮ್ಮ ಸಿಡ್ನಿಯದೇ ಲಿವರ್‌ಪೂಲ್ ಕಡೆಯ ಒಂದು ಟೀಮಿನ ಜೊತೆ. ಅವರು ಗೋಡೆ ಥರ ಇದ್ದರು, ಮೈಗೆ ಮೈ ತಾಗಿದರೆ ನಮ್ಮವರು ನನ್ನ ಹತ್ತಿರವೇ ಬಂದು ಬೀಳೋರು. ಅಂಥ ಮ್ಯಾಚಿಗೆ ಮುಂಚಿನ ಭಾನುವಾರ ಯಾರಾದರೂ ಏನು ಮಾಡ್ತಾರೆ? ಕಾಲು ಚಾಚಿ ಮಲಗ್ತಾರೆ. ನಮ್ಮ ಕಾಕಾ ಅವತ್ತು ಲೀಗಿನ ಹೊರಗಿನ ಒಂದು ಮ್ಯಾಚ್ ಇಡೋರು. ಅದೂ ಎಲ್ಲಿ? ಮೆಲ್ಬರ್ನಿನಲ್ಲಿ! ವ್ಯಾನಿನಲ್ಲಿ ಒಂದಿಡೀ ದಿನದ ದಾರಿ. ಪಾಯಿಂಟಿಲ್ಲ, ಕಪ್ಪಿಲ್ಲ, ಸುಮ್ಮನೆ ಅಲ್ಲಿನ ಕನ್ನಡದವರ ಟೀಮಿನ ಜೊತೆ ಆಡಿ ಬರೋದು.

ಯಾಕೆ ಕಾಕಾ ಅಂತ ಕೇಳಿದ ಮೊದಲ ವರ್ಷ ಇಂಟರ್ನೆಟ್ಟಿನಿಂದ ಎರಡು ಹಾಳೆ ಪ್ರಿಂಟ್ ತೆಗೆದುಕೊಂಡು ಬಂದರು. ಅಮೆರಿಕಾದ ಕಾಲೇಜ್ ಫುಟ್‌ಬಾಲಿನಲ್ಲಿ ದೊಡ್ಡ ದೊಡ್ಡ ಟೀಮುಗಳು ಸೀಸನ್ನಿನ ಕೊನೆಗೆ, ಬದ್ಧ ವೈರಿಯ ಜೊತೆ ಆಡೋ ಮುಂಚೆ, ತಮ್ಮ ಗುಂಪಿಗೆ ಸೇರದ ಒಂದು ಹಗುರವಾದ ಟೀಮನ್ನು ಕರೆದು ಆಡ್ತಾವಂತೆ. ಗೆದ್ದ ಹುರುಪೂ ಬರುತ್ತೆ, ಮೈಗೂ ಪೆಟ್ಟಿಲ್ಲ.

"ಕಾಕಾ, ಅದು ಹೆಲ್ಮೆಟ್ ಹಾಕ್ಕೊಂಡು ಕೈಯಲ್ಲಿ ಚೆಂಡು ಹಿಡಿದು ಓಡೋ ಆಟ! ನಮ್ಮದೇ ಬೇರೆ ಫುಟ್‌ಬಾಲು" ಅಂದ ಪ್ರಕಾಶ.

"ಚೆಂಡು ಬ್ಯಾರೆ ಇರಬಹುದು, ಆಡೋ ಮನಷ್ಯಾ ಒಂದ ಅಲ್ಲೇನು?"

ನಾನು ಹಾಳೆ ಇಸಿದುಕೊಂಡು ಓದಿದೆ. "ಇದರಲ್ಲಿ ಸಣ್ಣ ಟೀಮೇ ದೊಡ್ಡ ಟೀಮಿನ ಊರಿಗೆ ಬರುತ್ತೆ ಅಂತಿದೆ. ನಾವ್ಯಾಕೆ ಹೋಗಬೇಕು?"

ಕಾಕಾ ಕನ್ನಡಕ ಒರೆಸಿದರು. "ನಾವೇನು ದೊಡ್ಡ ಟೀಮ್ ಏನ್ರಿ?"

ಬಾಯಿ ಮುಚ್ಚಿಕೊಂಡು ವ್ಯಾನ್ ಹತ್ತಿದೆವು. ನಿಜ ಏನು ಅಂತ ಮೆಲ್ಬರ್ನಿಗೆ ಹೋದ ಅರ್ಧ ಗಂಟೆಯಲ್ಲಿ ನಮಗೆಲ್ಲ ಗೊತ್ತಾಯ್ತು. ಅಲ್ಲಿನ ಕ್ಯಾಪ್ಟನ್ ಸುಧಾಕರ ಉಡುಪಿ ಕಡೆಯವನು, ಮನೆ ಡ್ಯಾಂಡೆನಾಂಗ್ ಹತ್ತಿರ. ಅವನ ಅಕ್ಕ ಅಲ್ಲೇ ಹೈಸ್ಕೂಲಿನಲ್ಲಿ ಗಣಿತದ ಟೀಚರ್, ತಮ್ಮನ ಮನೆಯಲ್ಲೇ ಇದ್ದರು. ಅವರೂ ಒಂಟಿ. ಅದಕ್ಕೆ ಹಿಂದಿನ ವರ್ಷ ಎರಡೂ ಊರಿನ ಸಂಘದವರು ಸೇರಿ ಪಿಕ್ನಿಕ್ ಮಾಡಿದಾಗ ಕಾಕಾ ಎರಡನೇ ಸಲ ನೀರುದೋಸೆ ಬೇಡ ಅಂದಿದ್ದಕ್ಕೆ ಟೀಚರ್ ಎಲ್ಲರೆದುರೇ ಬೈದಿದ್ದರಂತೆ: "ಎಂಥ ಗಂಡಸು ಮಾರಾಯ್ರೆ ನೀವು, ನಾಲ್ಕು ದೋಸೆಗೇ ಸುಸ್ತಾ?" ಬೈಸಿಕೊಂಡು ಬಂದವರೇ ಆ ಅಮೆರಿಕಾದ ಹಾಳೆ ಹುಡುಕಿದ್ದು!

ನಮಗೆ ಗೊತ್ತಿದೆ ಅನ್ನೋದು ಕಾಕಾಗೆ ಗೊತ್ತಿರಲಿಲ್ಲ. ನಾವು ಹೇಳಲೂ ಇಲ್ಲ. ಬಾಯಿಗೆ ಬೀಗ ಹಾಕಿಕೊಂಡು, ವರ್ಷಾ ವರ್ಷಾ "ಹೌದು ಕಾಕಾ, ಕೊನೆಗೊಂದು ಹಗುರದ ಮ್ಯಾಚು ಇರಲೇಬೇಕು" ಅಂತ ತಲೆಯಾಡಿಸ್ತಿದ್ದೆವು. ಅಷ್ಟು ಕಷ್ಟಪಟ್ಟು ನಗು ತಡೆದಿದ್ದು ನನ್ನ ಜನ್ಮದಲ್ಲೇ ಇಲ್ಲ. ಹೊರಡೋ ಹಿಂದಿನ ದಿನವೆಲ್ಲ ಅವರು ಒಲೆ ಮುಂದೆ ನಿಂತು ಹಾಲು ತಿರುವಿ ಬೆಳಗಾವಿ ಕುಂದಾ ಮಾಡೋರು. ಸ್ಟೀಲ್ ಡಬ್ಬಿಗೆ ತುಂಬಿ, ಟವೆಲ್ ಸುತ್ತಿ, ವ್ಯಾನಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಕೂರೋರು. ದಾರಿ ಮಧ್ಯೆ ಗುಂಡಗೈ ಅನ್ನೋ ಊರಿನ ಹತ್ತಿರ ಟೀಗೆ ನಿಲ್ಲಿಸಿದಾಗ "ಒಂದು ಚಮಚ ಕಾಕಾ" ಅಂತ ರವಿ ಅಂಗಲಾಚಿದರೂ "ಕೈ ತಗೀ!" ಅಷ್ಟೆ. ಮೆಲ್ಬರ್ನಿನ ಗ್ರೌಂಡಿನಲ್ಲಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಡಬ್ಬಿ ಕೊಡೋರು. ಟೀಚರ್ ನಿಂತಲ್ಲೇ ಒಂದು ಚಮಚ ತಿಂದು, ಇನ್ನೊಂದು ತಿಂದು, "ಲಾಯ್ಕುಂಟು" ಅಂತ ಹೇಳಿ ಮುಚ್ಚಳ ಬಿಗಿದು ಚೀಲಕ್ಕೆ ಹಾಕಿಕೊಳ್ಳೋರು. ನಮಗಂತೂ ಒಂದು ಚೂರೂ ಸಿಗ್ತಿರಲಿಲ್ಲ, ಎಷ್ಟು ಜಿಪುಣಿ ಈ ಹೆಂಗಸು ಅಂತ ನನಗೆ ಹೊಟ್ಟೆ ಉರೀತಿತ್ತು.

ಆಮೇಲೆ ಇಬ್ಬರೂ ಬೌಂಡರಿ ಗೆರೆ ಪಕ್ಕ ನಿಂತು ಏನು ಮಾತಾಡೋರು ಗೊತ್ತಾ? ಮಳೆ. ಟ್ರಾಫಿಕ್. ಮುಂದಿನ ವರ್ಷದ ಡೇಟು. ಕಾಕಾ ಕನ್ನಡಕ ಒರೆಸಿ ಒರೆಸಿ ಗಾಜೇ ಸವೆದುಹೋಗಿರಬೇಕು. ವಾಪಸ್ ಬರೋ ದಾರಿಯಲ್ಲಿ ಮುಖ ಊದಿಸಿಕೊಂಡು ಕೂರೋರು, ಮುಂದಿನ ಭಾನುವಾರ ನಾವು ಸುಸ್ತಾದ ಕಾಲಿನಲ್ಲಿ ಲಿವರ್‌ಪೂಲಿನವರ ಕೈಲಿ ಒದೆ ತಿಂತಿದ್ದೆವು.

ಹೀಗೇ ವರ್ಷಗಳು ಕಳೆದವು. ಆಮೇಲೊಂದು ವರ್ಷ ಜುಲೈನಲ್ಲಿ ಸುಧಾಕರ ರವಿಗೆ ಫೋನ್ ಮಾಡಿದ. ಅಕ್ಕನಿಗೆ ಪರ್ತ್‌ನಲ್ಲಿ ಒಳ್ಳೆ ಕೆಲಸ ಸಿಕ್ಕಿದೆ, ವರ್ಷದ ಕೊನೆಗೆ ಹೊರಡಬಹುದು ಅಂತ. ಹ್ಯಾರಿಸ್ ಪಾರ್ಕಿನ ಸ್ವೀಟ್ ಅಂಗಡಿಯಲ್ಲಿ ಕಾಕಾನನ್ನು ಬಿಟ್ಟು ಉಳಿದವರೆಲ್ಲ ತುರ್ತು ಮೀಟಿಂಗ್ ಸೇರಿದೆವು.

"ಪರ್ತ್! ಕಾಕಾ ಅಲ್ಲೂ ಒಂದು ಹೊರಗಿನ ಮ್ಯಾಚ್ ಇಡ್ತಾರೆ ನೋಡ್ತಿರಿ" ಅಂದ ಪ್ರಕಾಶ. ಅವನ ಮುಖ ಬಿಳಿಚಿಕೊಂಡಿತ್ತು.

"ವ್ಯಾನಿನಲ್ಲಿ ಹೋದರೆ ನಾಲ್ಕು ದಿನ" ಅಂದರು ರವಿ.

ತಮಾಷೆ ಒಂದು ಕಡೆ ಇರಲಿ, ನನಗೆ ನಿಜಕ್ಕೂ ಸಂಕಟ ಆಯ್ತು. ಈ ಆಗಸ್ಟಿನಲ್ಲಿ ಬಾಯಿ ಬಿಡದಿದ್ದರೆ ಆ ಮನುಷ್ಯ ಇನ್ನು ಬಿಡೋದಿಲ್ಲ, ಆಮೇಲೆ ಉಳಿದ ಆಯುಷ್ಯವೆಲ್ಲ ಬೇರೆಯವರ ರೋಸ್ಟರ್ ಹಾಕ್ಕೊಂಡೇ ಕೂತಿರ್ತಾರೆ ಅನ್ನಿಸಿತು.

ಆ ವರ್ಷವೇ ನೋಡಿ, ಯಾವ ದೇವರು ಕಣ್ಣು ಬಿಟ್ಟನೋ, ನಮ್ಮ ಟೀಮು ಲೀಗಿನಲ್ಲಿ ಎಲ್ಲರಿಗಿಂತ ಮೇಲಿತ್ತು! ಲಿವರ್‌ಪೂಲಿನವರ ಜೊತೆ ಡ್ರಾ ಮಾಡಿಕೊಂಡರೂ ಕಪ್ಪು ನಮ್ಮದೇ. ಅಷ್ಟರಲ್ಲಿ ಮಳೆ ಹಿಡೀತು, ಗ್ರೌಂಡುಗಳೆಲ್ಲ ಮುಚ್ಚಿದವು, ಲೀಗಿನವರು ಮ್ಯಾಚುಗಳನ್ನು ಹಿಂದೆ ಮುಂದೆ ಮಾಡಿದರು. ನಮ್ಮ ಕೊನೆಯ ಮ್ಯಾಚು ಬಂದು ಕೂತಿದ್ದು ಮೆಲ್ಬರ್ನಿನ ಭಾನುವಾರದ ಮೇಲೇ.

ಪ್ರಾಕ್ಟೀಸಿನ ದಿನ ಕಾಕಾ ಎಲ್ಲರನ್ನೂ ಕರೆದು ನಿಲ್ಲಿಸಿದರು. ಕನ್ನಡಕ ಒರೆಸಲಿಲ್ಲ. "ಮೆಲ್ಬರ್ನ್ ಮ್ಯಾಚ್ ಕ್ಯಾನ್ಸಲ್. ನಾಳೆ ಫೋನ್ ಮಾಡ್ತೀನಿ. ಕಪ್ಪು ಕೈಯಾಗ ಬಂದೈತಿ, ಅದನ್ನ ಬಿಡಬಾರ್ದು" ಅಂದರು. ಧ್ವನಿ ಮಾತ್ರ ನೆಟ್ಟಗಿರಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. "ಅದು ಹೇಗೆ ಕ್ಯಾನ್ಸಲ್ ಮಾಡ್ತೀರಿ? ಪ್ರಕಾಶನ ಮಾವ ಏರ್‌ಪೋರ್ಟಿಂದ ಸೂಟ್‌ಕೇಸ್ ಸಮೇತ ಗ್ರೌಂಡಿಗೆ ಬರಬೇಕು, ನಮ್ಮ ಮದುವೆ ಆ್ಯನಿವರ್ಸರಿ ದಿನ ರವಿ ಕೆಸರಿನಲ್ಲಿ ಬಿದ್ದಿರಬೇಕು, ನಿಮಗೆ ಮಾತ್ರ ಬೇರೆ ಕಾನೂನಾ? ಕೊಟ್ಟ ಮ್ಯಾಚು ಕೊಟ್ಟಂಗ ಅಲ್ವಾ ಕಾಕಾ?"

"ಡಾಕ್ಟರ್‌ಬಾಯಿ, ಅದು ಬರೇ ಹೊರಗಿನ ಮ್ಯಾಚು..."

"ಹೊರಗಿನದಾದರೇನು? ಕೊಟ್ಟಿದ್ದೀರಲ್ಲ!"

ಪ್ರಕಾಶ ಮುಂದೆ ಬಂದ. ಏಳು ಜನ ಇದ್ದರೆ ಲೀಗಿನ ಮ್ಯಾಚ್ ಆಡಬಹುದು. ಏಳು ಜನ ಇಲ್ಲಿ ನಿಲ್ಲೋಣ, ನಾಲ್ಕು ಜನ ಕಾಕಾ ಜೊತೆ ಹೋಗಲಿ, ಅಲ್ಲಿ ಕಡಿಮೆ ಬಿದ್ದವರನ್ನು ಸುಧಾಕರ ಕೊಡ್ತಾನೆ. ಮೊದಲೇ ನಾವೆಲ್ಲ ಮಾತಾಡಿಕೊಂಡಿದ್ದು ಅದು. ಕಾಕಾ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವತ್ತು ಅವರಿಗೆ ಎಲ್ಲ ಅರ್ಥವಾಗಿರಬೇಕು. "ನಿಮಗ ಮೊದಲಿಂದ...?" ಅಂದರು. ರವಿ ಮೇಲೆ ನೋಡಿದರು, ಪ್ರಕಾಶ ಕೆಳಗೆ ನೋಡಿದ. ಕಾಕಾನ ಕಿವಿ ಕೆಂಪಾಗಿದ್ದನ್ನು ನಾನು ಅವತ್ತೊಂದೇ ದಿನ ನೋಡಿದ್ದು.

ವ್ಯಾನಿನಲ್ಲಿ ಹೋಗ್ತಾ ಟೀಚರ್ ಪರ್ತ್‌ಗೆ ಹೊರಟಿರೋ ವಿಷಯವನ್ನೂ ಕಾಕಾಗೆ ಹೇಳಿಬಿಟ್ಟೆವು. ಮೆಲ್ಬರ್ನಿನ ಗ್ರೌಂಡಿಗೆ ಹೋಗಿ ಇಳಿದ ಮೇಲೆ ಹೊಳೀತು, ಗೋಲ್‌ಕೀಪರ್ ಸಿಡ್ನಿಯಲ್ಲೇ ಉಳಿದಿದ್ದಾರೆ! ಸುಧಾಕರ ಆಟಗಾರರನ್ನು ಕೊಟ್ಟ, ಕೀಪರನ್ನು ಮಾತ್ರ ಕೊಡಲ್ಲ ಅಂದ. "ನಿಮ್ಮ ಸೆಕ್ರೆಟರಿ ಇದ್ದಾರಲ್ಲ, ನಿಲ್ಲಿಸಿ" ಅಂತ ನನಗೆ ಕಣ್ಣು ಹೊಡೆದ. ಕಾಕಾ ಬೇಡ ಬೇಡ ಅಂತಿದ್ದ ಹಾಗೇ ಇಸ್ತ್ರಿ ಕೋಟು ಬಿಚ್ಚಿಸಿ, ರವಿಯ ಹಳೇ ಜೆರ್ಸಿ ತೊಡಿಸಿ, ಕೈಗೆ ದೊಡ್ಡ ಗ್ಲೌಸ್ ಹಾಕಿ ಗೋಲಿನೊಳಗೆ ನಿಲ್ಲಿಸಿದೆವು. ಚಡ್ಡಿ ಕೆಳಗಿನ ಆ ಕಾಲುಗಳು ಬಿಸಿಲು ಕಂಡು ಎಷ್ಟು ವರ್ಷವಾಗಿತ್ತೋ! ಟೀಚರ್ ಕುರ್ಚಿ ತಂದು ಗೋಲ್ ಪೋಸ್ಟಿನ ಪಕ್ಕದಲ್ಲೇ ಹಾಕಿಕೊಂಡರು. ನಾನು ಐಸ್ ಡಬ್ಬ ಹಿಡಿದು ಅವರ ಹಿಂದೆ ಕೂತೆ, ಯಾರಿಗೂ ಉಳುಕಿರದಿದ್ದರೂ.

ಮ್ಯಾಚ್ ಶುರುವಾಯ್ತು. ಸ್ವಲ್ಪ ಹೊತ್ತಿಗೆ ನನಗೆ ಏನೋ ವಿಚಿತ್ರ ಅನ್ನಿಸಿತು. ಚೆಂಡು ನಮ್ಮ ಗೋಲಿನ ಹತ್ತಿರವೇ ಬರ್ತಿಲ್ಲ! ಎರಡೂ ಟೀಮಿನವರು ಆ ತುದಿಯಲ್ಲಿ ಗುಂಪು ಕಟ್ಟಿಕೊಂಡು ನೀ ಕೊಡು ನಾ ಕೊಡ್ತೀನಿ ಅಂತ ಒಬ್ಬರಿಗೊಬ್ಬರು ದಾಟಿಸ್ತಾ ನಿಂತಿದ್ದಾರೆ. ನೀರು ಕುಡಿಯೋ ನೆಪದಲ್ಲಿ ಓಡಿಬಂದ ಸುಧಾಕರ ನನ್ನ ಕಿವಿಯಲ್ಲಿ ಹೇಳಿದ: "ನಮಗೂ ಸೀಸನ್ ಕೊನೆಗೆ ಈ ಮ್ಯಾಚ್ ಬೇಡವೇ ಬೇಡ ಮಾರಾಯ್ರೆ. ಪ್ರತಿ ವರ್ಷ ಅಕ್ಕನೇ ಬಿಡುವುದಿಲ್ಲ. ಸಿಡ್ನಿಯವರನ್ನು ಕರೀಲೇಬೇಕು ಅಂತ."

ನಾನು ಬಾಯಿಗೆ ಸೆರಗು ತುರುಕೋಣ ಅಂದರೆ ಟ್ರ್ಯಾಕ್ ಸೂಟು!

ಅಲ್ಲಿ ಗೋಲಿನ ಹತ್ತಿರ ಟೀಚರ್ ಕೇಳ್ತಿದ್ದರು, "ಅಲ್ಲ, ಪ್ರತಿ ವರ್ಷ ಇಷ್ಟು ದೂರ ಯಾಕೆ ಬರ್ತೀರಿ ನೀವು?"

"ಹಂಗಲ್ರಿ, ಅಮೆರಿಕಾದ ಕಾಲೇಜುಗಳೊಳಗ ಸೀಸನ್ ಕಡೀಕ..."

"ಅಮೆರಿಕಾ ಬಿಡಿ ಮಾರಾಯ್ರೆ."

ಕಾಕಾ ಅಭ್ಯಾಸಬಲದಿಂದ ಕನ್ನಡಕ ತೆಗೆದು ಒರೆಸಿದರು. ಗ್ಲೌಸಿನಲ್ಲಿ! ಒದ್ದೆ ಪೋಸ್ಟ್ ಹಿಡಿದು ನಿಂತು ನಿಂತು ಗ್ಲೌಸ್ ತುಂಬ ಕೆಸರು. ಗಾಜು ಎರಡೂ ಮುಚ್ಚಿಹೋಯ್ತು. ಟೀಚರ್ ಎದ್ದು, "ಕೊಡಿ ಇಲ್ಲಿ" ಅಂತ ಕನ್ನಡಕ ಕಿತ್ತುಕೊಂಡು ತಮ್ಮ ಶಾಲಿನ ತುದಿಯಿಂದ ಒರೆಸೋಕೆ ಕೂತರು. ಕನ್ನಡಕ ಇಲ್ಲದಿದ್ದರೆ ಕಾಕಾಗೆ ಎದುರಿಗಿರೋರು ಯಾರು ಅಂತಲೂ ಕಾಣೋದಿಲ್ಲ. ಮುಖ ಕಾಣದ್ದಕ್ಕೇ ಧೈರ್ಯ ಬಂತು ಅಂತ ಆಮೇಲೆ ಅವರೇ ಒಪ್ಪಿಕೊಂಡರು.

"ಪರ್ತ್‌ಗೆ ಹೋಗಬ್ಯಾಡ್ರಿ" ಅಂದರು ಕಾಕಾ, ಗಾಳಿಗೆ ಹೇಳೋ ಹಾಗೆ. "ಅಷ್ಟು ದೂರ ಈ ಹುಡುಗ್ರು ಬರೂದಿಲ್ಲ."

ಟೀಚರ್ ಒರೆಸೋದು ನಿಲ್ಲಿಸಿದರು. "ಹುಡುಗ್ರು ಯಾಕೆ ಬರ್ಬೇಕು? ನೀವೊಬ್ರೇ ಬಂದ್ರೆ ಸಾಕಲ್ವಾ?"

ನನ್ನ ಕೈಯಲ್ಲಿದ್ದ ಐಸ್ ಡಬ್ಬ ಜಾರಿತು. ಅದೇ ಹೊತ್ತಿಗೆ ನಮ್ಮವನೇ ಒಬ್ಬ, ಏನಾಗ್ತಿದೆ ನೋಡೋಣ ಅಂತ ಕತ್ತು ಈ ಕಡೆ ತಿರುಗಿಸಿ ಚೆಂಡನ್ನು ಹಿಂದಕ್ಕೆ ತಳ್ಳಿದ. ಅದು ಉರುಳಿಕೊಂಡು, ಉರುಳಿಕೊಂಡು, ಕಾಕಾನ ಕಾಲಿನ ಪಕ್ಕದಲ್ಲೇ ಹಾದು ಗೋಲಿನೊಳಗೆ ಹೋಗಿ ಕೂತಿತು.

"ಏನೋ ಹೋತಲ್ರಿ. ಗೋಲಾತೇನು?"

"ಆಯ್ತು" ಅಂದರು ಟೀಚರ್.

ಕಾಕಾ ಎರಡೂ ಕೈ ಮೇಲೆತ್ತಿ "ಗೋಲ್!" ಅಂತ ಕೂಗಿಕೊಂಡು ಕುಣಿದರು. ತಮ್ಮ ಮೇಲೇ ಆದ ಗೋಲಿಗೆ ಹಾಗೆ ಕುಣಿದ ಕೀಪರನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡೂ ಟೀಮಿನವರು ಓಡಿಬಂದು ಅವರ ಮೇಲೆ ಬಿದ್ದರು. ನಾನು ಅಳ್ತಿದ್ದೆನೋ ನಗ್ತಿದ್ದೆನೋ ನನಗೇ ತಿಳೀಲಿಲ್ಲ. ಫೋನಿನಲ್ಲಿ ರವಿಯ ಮೆಸೇಜುಗಳು ಬಂದು ಬಿದ್ದಿದ್ದವು. ಮೊದಲು ಒಂದು ಗೋಲು ಬಿತ್ತು ಅಂತ, ಆಮೇಲೆ ಎಷ್ಟು ಬಿತ್ತು ಕೇಳಬೇಡ ಅಂತ. ಕಪ್ಪು ಲಿವರ್‌ಪೂಲಿಗೆ ಹೋಯ್ತು. ಕೊನೆಯ ಮೆಸೇಜು: ಅಲ್ಲೇನಾಯ್ತು? ನಾನು ಬರೆದೆ: ಗೆದ್ವಿ.

ಟೀಚರ್ ಪರ್ತ್‌ಗೆ ಹೋಗಲಿಲ್ಲ. ಕಾಕಾ ಮೆಲ್ಬರ್ನಿಗೆ ಹೋದರು. ಅವರಿಲ್ಲದೆ ಮುಂದಿನ ಸೀಸನ್ ಹೇಗೋ ನಡೀತು. ಆಗಸ್ಟ್ ಬಂದಾಗ ಈ ವರ್ಷವಾದರೂ ಕೊನೆಯ ಮ್ಯಾಚಿಗೆ ಮುಂಚೆ ಮಲಗಬಹುದು ಅಂತ ಎಲ್ಲರೂ ಖುಷಿಯಾಗಿದ್ದರು. ಫೋನ್ ಬಂತು: "ಡಾಕ್ಟರ್‌ಬಾಯಿ, ಬರೂ ಭಾನುವಾರ ನಾವು ಬರ್ತೀವಿ. ಹೊರಗಿನ ಮ್ಯಾಚು. ಗ್ರೌಂಡ್ ಬುಕ್ ಮಾಡ್ರಿ."

ಇಡೀ ವ್ಯಾನು ಬಂದಿಳೀತು, ಸುಧಾಕರನ ಮುಖ ಹುಳ್ಳಗಿತ್ತು. ಕಾಕಾ ಅದೇ ಇಸ್ತ್ರಿ ಕೋಟಿನಲ್ಲಿ, ಪಕ್ಕದಲ್ಲಿ ಟೀಚರ್. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದೆ, "ಈಗ ಯಾಕೆ ಕಾಕಾ ಈ ಮ್ಯಾಚು? ಸಿಡ್ನಿಯಲ್ಲಿ ಇನ್ಯಾರಿದ್ದಾರೆ ನಿಮಗೆ?"

"ನೀವ ಅದೀರಲ್ಲ" ಅಂದರು. ಅಂದು, ಟವೆಲ್ ಸುತ್ತಿದ ಸ್ಟೀಲ್ ಡಬ್ಬಿಯನ್ನು ನನ್ನ ಕೈಗೆ ಇಟ್ಟರು. "ಈ ಸಲ ನಿಮಗ. ರಾತ್ರಿಯೆಲ್ಲ ತಿರುವೀನಿ."

ಕುಂದಾ! ಎಷ್ಟು ವರ್ಷ ಬರೀ ಡಬ್ಬಿ ನೋಡಿ ಜೊಲ್ಲು ಸುರಿಸಿದ್ದೆವು! ರವಿ, ಪ್ರಕಾಶ, ಎಲ್ಲರೂ ಮುತ್ತಿಕೊಂಡರು. ದೊಡ್ಡ ಚಮಚ ತುಂಬಿ ಬಾಯಿಗೆ ಹಾಕಿಕೊಂಡೆ. ಸೀದಿತ್ತು. ಅಂತಿಂಥ ಸೀದಿದ್ದಲ್ಲ, ತಳ ಹಿಡಿದ ಪಾತ್ರೆ ಕೆರೆದು ತಿಂದ ಹಾಗಿತ್ತು, ಕಹಿ ಮೂಗಿಗೆ ಹತ್ತಿತು. ರವಿಯ ಕಣ್ಣಲ್ಲಿ ನೀರು. ನಾನು ತಲೆ ಎತ್ತಿ ಟೀಚರ್ ಕಡೆ ನೋಡಿದೆ. ಅವರು ಕಾಕಾನ ಬೆನ್ನ ಹಿಂದೆ ನಿಂತು ತುಟಿ ಕಚ್ಚಿಕೊಂಡು ನಗ್ತಿದ್ದರು.

"ನಾನು ಅಷ್ಟು ವರ್ಷ ತಿಂದಿದ್ದೇನೆ" ಅಂದರು ಮೆಲ್ಲಗೆ. "ನೀವು ಒಂದು ದಿನ ತಿನ್ನಿ."

ಕಾಕಾ ಕನ್ನಡಕ ತೆಗೆದು ಒರೆಸ್ತಾ ಕೇಳಿದರು, "ಹೆಂಗೈತ್ರಿ?"

"ಲಾಯ್ಕುಂಟು ಕಾಕಾ" ಅಂದೆ, ಇನ್ನೊಂದು ಚಮಚ ತೆಗೆದುಕೊಂಡೆ.